ಟಚ್ ಅದನೋ ಇಲ್ಲೋ ಜಾವಾಸ್ಕ್ರಿಪ್ಟ್‌ನಾಗ ಹೆಂಗ ಗುರುತಿಸೋದು?

ಪ್ರಶ್ನೆ (ಬೀದರ್)
ವೆಬ್ ಪುಟದಾಗ ಬಿದ್ರಿ ಸಾಮಾನಿನ ಫೋಟೊ ಗ್ಯಾಲರಿ ಅದ. ಹೂಜಿ ಮ್ಯಾಲ ಮೌಸ್ ಆಡಿಸಿದ್ರ ಲೆನ್ಸ್ ಬಂದು, ಕರಿ ಮೈಯಾಗಿನ ಬೆಳ್ಳಿ ಎಳಿ ದೊಡ್ಡದಾಗಿ ಕಾಣ್ತದ. ಮೊಬೈಲ್‌ನಾಗ ಬೆರಳಿಲೆ ಎಳದು ನೋಡಬೇಕು. ಬ್ರೌಸರಿನ ವಿಂಡೋದಾಗ ಆನ್‌ಟಚ್‌ಸ್ಟಾರ್ಟ್ (ಬೆರಳು ತಾಗಿದಾಗ ನಡೆಯೋ ಕೋಡಿನ ಜಾಗ) ಇದ್ರ ಟಚ್ ಕೋಡ್, ಇಲ್ಲಂದ್ರ ಮೌಸ್ ಕೋಡ್ ಹಾಕೀನಿ. ಟಚ್‌ಸ್ಕ್ರೀನ್ ಲ್ಯಾಪ್‌ಟಾಪ್‌ನಾಗ ಮೌಸ್ ಇದ್ರೂ ಲೆನ್ಸ್ ಬರವಲ್ದು. ಐಪ್ಯಾಡ್‌ನಾಗ ಯೂಸರ್ ಏಜೆಂಟ್ (ಬ್ರೌಸರ್ ತನ್ನ ಪರಿಚಯ ಹೇಳೋ ಸಾಲು) ನೋಡಿದ್ರ ಮ್ಯಾಕ್ ಅಂತದ. ಏನ್ ಮಾಡ್ಲಿ?

ಉತ್ತರ (ಕಲಬುರಗಿ)
ಬ್ರೌಸರ್ ಟಚ್ ಇವೆಂಟ್ (ಬೆರಳು ತಾಗಿದ ಸುದ್ದಿ) ಕೊಡಬಲ್ಲದು ಅಂತಷ್ಟೇ ಆನ್‌ಟಚ್‌ಸ್ಟಾರ್ಟ್ ಹೇಳ್ತದ. ಈಗ ಕೈಯಾಗ ಮೌಸ್ ಅದನೋ, ಪರದಿ ಮ್ಯಾಲ ಬೆರಳದನೋ ಅದಕ್ಕ ತಿಳಿಯಂಗಿಲ್ಲ. ಯೂಸರ್ ಏಜೆಂಟ್ ಅಂತೂ ನಂಬಬ್ಯಾಡ್ರಿ: 2019ರ ಐಪ್ಯಾಡ್‌ಓಎಸ್ 13ರಿಂದ ಸಫಾರಿ ಬ್ರೌಸರ್ ತಾನು ಮ್ಯಾಕ್ ಅಂತನೇ ಹೇಳ್ಕೋತದ. ನ್ಯಾವಿಗೇಟರ್‌ನ ಮ್ಯಾಕ್ಸ್‌ಟಚ್‌ಪಾಯಿಂಟ್ಸ್ (ಒಂದೇ ಸಲಕ್ಕ ಎಷ್ಟು ಬೆರಳು ತಿಳೀತಾವ ಅನ್ನೋ ಎಣಿಕೆ) ನೋಡ್ರಿ, ಐಪ್ಯಾಡ್‌ನಾಗ 5, ಮ್ಯಾಕ್‌ನಾಗ 0.

ಪುಟದಾಗ ಒತ್ತೋ ಗುಂಡಿ ದೊಡ್ಡದು ಮಾಡಲಿಕ್ಕ ಸಿಎಸ್‌ಎಸ್‌ನ ಎನಿ-ಪಾಯಿಂಟರ್: ಕೋರ್ಸ್ (ಬೆರಳಿನಂಥ ಒರಟು ಸಾಧನ ಅದನೋ ಅಂತ ಕೇಳೋದು) ಸಾಕು. ಲೆನ್ಸಿಗೆ ಮಾತ್ರ ಪುಟ ತೆರೆಯೋ ಹೊತ್ತಿಗೆ ತೀರ್ಮಾನ ಮಾಡೋದೇ ತಪ್ಪು. ಪಾಯಿಂಟರ್‌ಡೌನ್, ಪಾಯಿಂಟರ್‌ಮೂವ್ (ಮೌಸ್ ಇಲ್ಲಾ ಬೆರಳು ಒತ್ತಿದಾಗ, ಸರಿದಾಗ ಬರೋ ಇವೆಂಟು) ಹಾಕಿ, ಪ್ರತಿ ಇವೆಂಟಿನ ಪಾಯಿಂಟರ್‌ಟೈಪ್ ಓದ್ರಿ. ಮೌಸ್ ಅಂದ್ರ ಲೆನ್ಸ್, ಟಚ್ ಅಂದ್ರ ಎಳೆಯೋದು. ಒಂದೇ ಲ್ಯಾಪ್‌ಟಾಪ್‌ನಾಗ ಎರಡೂ ನಡೀತಾವ. ಹಳೆ ಟಚ್‌ಸ್ಟಾರ್ಟ್, ಮೌಸ್‌ಡೌನ್ ಎರಡೂ ತೆಗೀರಿ. ಬೆರಳು ಒತ್ತಿ ಬಿಟ್ಟ ಮ್ಯಾಲ ಬ್ರೌಸರ್ ಮೌಸ್ ಇವೆಂಟನ್ನೂ ಕಳಿಸ್ತದ, ಒಂದೇ ಕೆಲಸ ಎರಡು ಸಲ ಆಗ್ತದ.

ಪ್ರಶ್ನೆ ಕೇಳಿದವರು
ಲೆನ್ಸ್ ಬಂತು, ಶರಣ್ರಿ. ಮೊಬೈಲ್‌ನಾಗ ಫೋಟೊ ಒಂದೆರಡು ಬೆರಳಷ್ಟು ಸರಿದು ನಿಂತುಬಿಡ್ತದ, ಪುಟ ಸ್ಕ್ರೋಲ್ ಆಗ್ತದ.

ಉತ್ತರ (ಯಾದಗಿರಿ)
ಇವೆಂಟುಗಳನ್ನ ಕನ್ಸೋಲ್‌ನಾಗ ಬರೆಸಿದ್ರ ಪಾಯಿಂಟರ್‌ಕ್ಯಾನ್ಸಲ್ (ಎಳೆತ ನಡುವೇ ನಿಂತದ ಅನ್ನೋ ಇವೆಂಟ್) ಕಾಣಬೇಕು ನಿಮಗ. ಬ್ರೌಸರ್ ನಿಮ್ಮ ಎಳೆತಾನ ಸ್ಕ್ರೋಲ್ ಅಂತ ತಿಳಿದು ಬೆರಳನ್ನ ತನ್ನ ಕೈಗೆ ತಗೊಂಡದ. ಪಾಯಿಂಟರ್‌ಮೂವ್‌ನಾಗ ಪ್ರಿವೆಂಟ್‌ಡಿಫಾಲ್ಟ್ (ಬ್ರೌಸರ್‌ಗೆ ನಿನ್ನ ಕೆಲಸ ಬ್ಯಾಡ ಅನ್ನೋದು) ಹಾಕಿದ್ರೂ ನಿಲ್ಲಂಗಿಲ್ಲ. ಫೋಟೊದ ಸಿಎಸ್‌ಎಸ್‌ನಾಗ ಟಚ್-ಆಕ್ಷನ್ (ಬೆರಳಿನ ಯಾವ ಚಲನೆ ಬ್ರೌಸರ್‌ಗೆ ಬಿಡಬೇಕು ಅನ್ನೋದು) ಬರೀಬೇಕು, ಅದೂ ಬೆರಳು ಇಡೋಕ್ಕಿಂತ ಮೊದಲೇ. ಪಾಯಿಂಟರ್‌ಡೌನ್ ಒಳಗ ಬದಲಿಸಿದ್ರ ಆ ಸಲಕ್ಕ ತಡ ಆಗಿರ್ತದ. ಅದಕ್ಕ ನನ್ (none, ಯಾವುದೂ ಇಲ್ಲ) ಅಂತ ಹಾಕಿದ್ರ ಎಲ್ಲಾ ಕಡೆ ಎಳೀಬಹುದು, ಆದ್ರ ಫೋಟೊ ಪೂರಾ ಪರದಿ ತುಂಬಿದ್ರ ಓದೋರು ಕೆಳಗ ಹೋಗಲಿಕ್ಕೆ ಆಗದೆ ಸಿಕ್ಕಿಬೀಳ್ತಾರ. ಅಡ್ಡ ಎಳೆಯೋದಷ್ಟೇ ಸಾಕಾದ್ರ ಪ್ಯಾನ್-ವೈ (ಮ್ಯಾಲ-ಕೆಳಗ ಸ್ಕ್ರೋಲ್ ಬ್ರೌಸರ್‌ಗೆ) ಜೋಡಿ ಪಿಂಚ್-ಜೂಮ್ ಇಡ್ರಿ.

ಇನ್ನೊಂದು: ಮೌಸ್ ಫೋಟೊದ ಅಂಚು ದಾಟಿದ್ರೂ ಎಳೆತ ಬಿಡಬಾರದು ಅಂದ್ರ ಪಾಯಿಂಟರ್‌ಡೌನ್‌ನಾಗ ಸೆಟ್‌ಪಾಯಿಂಟರ್‌ಕ್ಯಾಪ್ಚರ್ ಕರೀರಿ. ಬೆರಳಿಗೆ ಅದು ತಾನಾಗೇ ಆಗಿರ್ತದ.