ಎರಡು ಎಕರೆ ಜಮೀನು ಹುಡುಕುತ್ತಿದ್ದೇವೆ, ಅನುಭವಸ್ಥರು ಹೇಳಿ

ಕೇಳಿದವರು: ಬೆಂಗಳೂರಿನ ದಂಪತಿ

ಇಬ್ಬರೂ ನೌಕರಿಯಲ್ಲಿದ್ದೇವೆ. ನಮ್ಮ ಎರಡೂ ಮನೆಗಳಲ್ಲಿ ಅಜ್ಜಂದಿರ ಕಾಲಕ್ಕೇ ಬೇಸಾಯ ನಿಂತುಹೋಯಿತು. ಎರಡು ಎಕರೆ ಕೊಂಡು, ಚಿಕ್ಕ ಮನೆ ಕಟ್ಟಿ, ಮುಂದೆ ಅಲ್ಲೇ ನೆಲೆಸುವ ಆಸೆಯಿದೆ. ಮಧುಗಿರಿ ಹತ್ತಿರ ಮಧ್ಯವರ್ತಿಯೊಬ್ಬರು ತೋರಿಸಿದ ಜಮೀನು ಮನಸ್ಸಿಗೆ ಹಿಡಿಸಿದೆ. ಗುಡ್ಡದ ಬುಡ, ಕಾಯಿ ಬಿಡುವ ಮಾವಿನ ಮರಗಳು, ಹಳೆಯ ಕೊಳವೆಬಾವಿ. ದೊಡ್ಡ ಸರ್ವೆ ನಂಬರೊಂದರಲ್ಲಿ ಎರಡು ಎಕರೆಯಷ್ಟನ್ನು ಬಿಡಿಸಿ ಕೊಡುತ್ತಾರಂತೆ. ಕೃಷಿಕರಲ್ಲದ ನಾವು ಕೊಳ್ಳಬಹುದೇ? ಮುಂಗಡ ಕೊಡುವ ಮುನ್ನ ಏನೇನು ನೋಡಬೇಕು? ಇದಾಗದಿದ್ದರೆ ಮಲೆನಾಡು ಅಥವಾ ಕರಾವಳಿಯ ಕಡೆ ಹುಡುಕುವ ಯೋಚನೆಯೂ ಇದೆ.

ಮಧುಗಿರಿ ಕಡೆಯ ರೈತರೊಬ್ಬರು

ಕೊಳ್ಳಬಹುದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿಯಲ್ಲಿ ತೆಗೆದುಹಾಕಿದ ಮೇಲೆ ಆ ಅಡ್ಡಿ ಉಳಿದಿಲ್ಲ. ಅದು ನಮ್ಮಂಥವರಿಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂಬ ಮಾತು ಬೇರೆ, ಇಲ್ಲಿ ಬೇಡ.

ನೀವು ಗುಡ್ಡದ ಬಗ್ಗೆ ಬರೆದಿದ್ದೀರಿ, ಮಾವಿನ ಬಗ್ಗೆ ಬರೆದಿದ್ದೀರಿ, ದಾರಿಯ ಬಗ್ಗೆ ಒಂದು ಮಾತೂ ಇಲ್ಲ. ಮಧ್ಯವರ್ತಿಯ ಕಾರು ಹೊಲದೊಳಕ್ಕೆ ಹೋಯಿತು ಎಂದ ಮಾತ್ರಕ್ಕೆ ದಾರಿ ಇದೆ ಎಂದು ತಿಳಿಯಬೇಡಿ. ನಮ್ಮ ಊರುಗಳಲ್ಲಿ ಅರ್ಧಕ್ಕರ್ಧ ಹೊಲಗಳಿಗೆ ಹೋಗುವುದು ಪಕ್ಕದವರ ಬದುವಿನ ಮೇಲೆ. ಅಣ್ಣತಮ್ಮಂದಿರು, ದಾಯಾದಿಗಳು ಎಂದು ಬಿಟ್ಟುಕೊಂಡು ಬಂದದ್ದು ಅದು, ಹಕ್ಕಲ್ಲ. ಹೊರಗಿನವರು ಕೊಂಡು ತಂತಿಬೇಲಿ ಹಾಕಿದ ವರ್ಷವೇ ಪಕ್ಕದವರು ಬದುವಿಗೆ ಕಲ್ಲು ನೆಡುತ್ತಾರೆ. ಗ್ರಾಮ ನಕಾಶೆಯ ಪ್ರತಿ ತೆಗೆಸಿ ನೋಡಿ. ಜೋಡಿ ಚುಕ್ಕೆಗೆರೆ ಇದ್ದರೆ ಬಂಡಿದಾರಿ, ಒಂಟಿ ಚುಕ್ಕೆಗೆರೆ ಇದ್ದರೆ ಕಾಲುದಾರಿ. ಎರಡೂ ಇಲ್ಲದಿದ್ದರೆ, ಯಾರ ಹೊಲದ ಮೇಲೆ ಹಾದುಹೋಗಬೇಕೋ ಅವರಿಂದ ಇಷ್ಟು ಅಡಿ ಅಗಲದ ದಾರಿ ಎಂದು ನೋಂದಾಯಿತ ಪತ್ರ ಮಾಡಿಸಿಕೊಳ್ಳದೆ ಮುಂದುವರಿಯಬೇಡಿ. ಬಾಯಿಮಾತಿಗೆ ಒಪ್ಪಿದವರ ಮಕ್ಕಳು ಒಪ್ಪಬೇಕೆಂದಿಲ್ಲ.

ಇನ್ನು ಕೊಳವೆಬಾವಿ. ನಿಮಗೆ ತೋರಿಸಿದಾಗ ನೀರು ಪೈಪಿನ ತುಂಬ ಬಂದಿರುತ್ತದೆ, ಅನುಮಾನವಿಲ್ಲ. ಎರಡು ದಿನ ಮೋಟಾರು ಹಾಕದೆ ಬಿಟ್ಟರೆ ಎಂಥ ಬಾವಿಯೂ ಮೊದಲ ಹತ್ತು ನಿಮಿಷ ಹಾಗೆಯೇ ಸುರಿಯುತ್ತದೆ. ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಬನ್ನಿ. ಹೊಲಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ ಎಂಬುದು ಸರ್ಕಾರದ ಲೆಕ್ಕ. ಎಷ್ಟು ಕೊಡುತ್ತಾರೋ ಅಷ್ಟೂ ಹೊತ್ತು ಮೋಟಾರು ಓಡಿಸಿ, ಪಕ್ಕದಲ್ಲೇ ಕುಳಿತುಕೊಳ್ಳಿ. ಮೂರನೆಯ ಗಂಟೆಯ ಹೊತ್ತಿಗೆ ಪೈಪು ಗೊರಗೊರ ಎಂದು ಗಾಳಿ ಉಗುಳಿ, ನೀರು ಬಿಟ್ಟು ಬಿಟ್ಟು ಬಂದು, ಜೊತೆಗೆ ಮಣ್ಣಿನ ಬಣ್ಣ ತಿರುಗಿತೋ, ಆ ಬಾವಿಗೆ ಬೆಲೆ ಕಟ್ಟಬೇಡಿ. ಸುತ್ತಲಿನ ನಾಲ್ಕು ಹೊಲಗಳವರನ್ನು ಎಷ್ಟು ಅಡಿಗೆ ನೀರು, ಎಷ್ಟು ಬೋರು ಕೊರೆಸಿ ಬಿಟ್ಟಿರಿ ಎಂದು ಕೇಳಿ. ಬಿಟ್ಟ ಬೋರುಗಳ ಲೆಕ್ಕವೇ ಮುಖ್ಯ. ಮೀಟರಿನ ಆರ್.ಆರ್. ನಂಬರು, ಅಂದರೆ ವಿದ್ಯುತ್ ಸಂಪರ್ಕದ ನಂಬರು, ಯಾರ ಹೆಸರಿನಲ್ಲಿದೆ ಎಂಬುದನ್ನೂ ನೋಡಿ. ಅನೇಕ ಕಡೆ ಬಾವಿ ಅಣ್ಣತಮ್ಮಂದಿರ ಪಾಲಿನದು. ಜಮೀನು ನಿಮ್ಮದಾದರೂ ನೀರು ವಾರಕ್ಕೆರಡು ದಿನ ಮಾತ್ರ ನಿಮ್ಮದು.

ಮಣ್ಣಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಬಂಡೆ ಮೇಲೆಯೇ ಇಲ್ಲದಿದ್ದರೆ ಸಾಕು. ಕೆಮ್ಮಣ್ಣಿಗೆ ಗೊಬ್ಬರ ಹಾಕಿದರೆ ದಾರಿಗೆ ಬರುತ್ತದೆ.

ಭೂಮಾಪನ ಇಲಾಖೆಯಿಂದ ನಿವೃತ್ತರಾದ ಹಿರಿಯರು

ಮೇಲೆ ಬರೆದ ರೈತರ ಮಾತಿಗೆ ನನ್ನ ಸಹಿಯಿದೆ. ನಾನು ಕಾಗದದ ವಿಚಾರ ಹೇಳುತ್ತೇನೆ.

ದೊಡ್ಡ ಸರ್ವೆ ನಂಬರಿನಲ್ಲಿ ಭಾಗ ಕೊಳ್ಳುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಇಲ್ಲದೆ ನೋಂದಣಿ ಆಗುವುದಿಲ್ಲ. ಅದಕ್ಕೆ ಅರ್ಜಿ ಹಾಕಬೇಕಾದವರು ಮಾರುವವರು. ಅಳತೆಗೆ ಬಂದ ದಿನ ನೀವು ಸ್ಥಳದಲ್ಲಿರಬೇಕು, ಸುತ್ತಲಿನ ಹಿಡುವಳಿದಾರರೂ ಇರಬೇಕು. ಕಲ್ಲು ಎಲ್ಲಿ ಬಿತ್ತು ಎಂಬುದನ್ನು ಅವರ ಎದುರಿನಲ್ಲೇ ನೋಡಿಕೊಂಡರೆ ಮುಂದೆ ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವ ಅಳತೆಗೆ, ಅಲೆಯುವುದು ತಪ್ಪುತ್ತದೆ.

ಗುಡ್ಡದ ಬುಡ ಎಂದಿರಿ. ಅಲ್ಲೇ ನನಗೆ ಅನುಮಾನ. ಅಂಥ ಕಡೆ ಬೇಲಿಯೊಳಗೆ ಕಾಣುವುದೆಲ್ಲ ಪಹಣಿಯಲ್ಲಿ (ಆರ್.ಟಿ.ಸಿ.) ಇರುವುದಿಲ್ಲ. ಒತ್ತಿನಲ್ಲಿ ಗೋಮಾಳ ಇರುತ್ತದೆ, ಅರಣ್ಯದ ಗಡಿ ಇರುತ್ತದೆ. ದಿಶಾಂಕ್ ಆ್ಯಪ್ ಹಾಕಿಕೊಂಡು ಬೇಲಿಯ ಗುಂಟ ಒಂದು ಸುತ್ತು ನಡೆಯಿರಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅಳತೆಗೆ ಅದು ಸಮವಲ್ಲ, ಆದರೆ ಆ ಮಾವಿನ ಮರಗಳು ಯಾವ ನಂಬರಿನಲ್ಲಿ ನಿಂತಿವೆ ಎಂದು ತಿಳಿಯಲು ಸಾಕು.

ಪಹಣಿಯಲ್ಲಿ ಖರಾಬು ಎಷ್ಟು ಎಂದು ನೋಡಿ. ‘ಅ’ ಖರಾಬು ಎಂದರೆ ಬಂಡೆ ಇತ್ಯಾದಿ, ಸಾಗುವಳಿಗೆ ಬಾರದ್ದು, ಹಿಡುವಳಿಯ ಜೊತೆಗೆ ಬರುತ್ತದೆ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಯದು, ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಎರಡು ಎಕರೆಗೆ ದುಡ್ಡು ಎಣಿಸಿ, ಅದರಲ್ಲಿ ಎಂಟು ಗುಂಟೆ ಹಳ್ಳವಾದರೆ ಸಿಟ್ಟು ಬಂದು ಪ್ರಯೋಜನವಿಲ್ಲ. ಒಂಬತ್ತನೆಯ ಕಾಲಂನಲ್ಲಿ ಹೆಸರು, ಹತ್ತರಲ್ಲಿ ಆ ಹಕ್ಕು ಹೇಗೆ ಬಂತು, ಹನ್ನೊಂದರಲ್ಲಿ ಸಾಲ ಮತ್ತಿತರ ಋಣ. ಜನ ಒಂಬತ್ತನ್ನು ಮಾತ್ರ ಓದುತ್ತಾರೆ. ಕಥೆ ಇರುವುದು ಹತ್ತರಲ್ಲಿ.

ಅಲ್ಲಿ ‘ಮಂಜೂರಾತಿ’ ಎಂದು ಕಂಡರೆ ಯಾರಿಗೆ, ಯಾವ ಷರತ್ತಿನ ಮೇಲೆ ಮಂಜೂರಾಯಿತು ಎಂಬ ಮೂಲ ಕಡತ ತರಿಸಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದ ಮಾರಾಟ ಅನೂರ್ಜಿತ, ಭೂಮಿ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳುತ್ತದೆ. 2023ರ ತಿದ್ದುಪಡಿಯ ನಂತರ ಕಾಲಮಿತಿಯ ನೆಪವೂ ಇಲ್ಲ. ಮೂರು ಕೈ ಬದಲಾಗಿದೆ, ಈಗೇನೂ ಆಗದು ಎಂದು ಮಧ್ಯವರ್ತಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.

ಪಿತ್ರಾರ್ಜಿತವಾದರೆ ವಂಶವೃಕ್ಷ ತೆಗೆಸಿ, ಹೆಣ್ಣುಮಕ್ಕಳೆಲ್ಲರ ಸಹಿ ಹಾಕಿಸಿ. ‘ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಾನ ಹಕ್ಕು ಕೊಟ್ಟಿದೆ. ಆಗ ತಂದೆ ಬದುಕಿರಬೇಕಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಮನೆಯ ಚಿಂತೆ ಸಣ್ಣದು. ಹಿಡುವಳಿಯ ಶೇ. 10ನ್ನು ಮೀರದ ತೋಟದ ಮನೆಗೆ ಭೂಪರಿವರ್ತನೆ ಬೇಡ. ಹೋಮ್‌ಸ್ಟೇ ಯೋಚನೆ ಇದ್ದರೆ ಲೆಕ್ಕ ಬೇರೆ.

ಪುತ್ತೂರಿನ ಅಡಿಕೆ ಬೆಳೆಗಾರರ ಮನೆಯವರು

ನಮ್ಮ ಕಡೆ ಬರುವುದಾದರೆ ಕುಮ್ಕಿ ಎಂದರೇನೆಂದು ತಿಳಿದುಕೊಂಡೇ ಬನ್ನಿ. ತೋಟದ ಮೇಲಿನ ಗುಡ್ಡ ತೋರಿಸಿ ‘ಇದೂ ನಮ್ಮದೇ’ ಎನ್ನುತ್ತಾರೆ. ಅದು ವರ್ಗ ಜಮೀನಿನ, ಅಂದರೆ ಪಟ್ಟಾ ಹಿಡುವಳಿಯ, ಸುತ್ತ 100 ಗಜದೊಳಗಿನ ಸರ್ಕಾರಿ ಜಾಗ. ಸೊಪ್ಪು, ಸೌದೆ ತರುವ ಸವಲತ್ತು ಮಾತ್ರ ನಮ್ಮದು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟದ ಕತೆಯೂ ಹೆಚ್ಚುಕಡಿಮೆ ಇದೇ. ಕುಮ್ಕಿ ಬೇಡವೆನ್ನುವುದಿಲ್ಲ, ಅದಿಲ್ಲದೆ ತೋಟ ನಡೆಯುವುದು ಕಷ್ಟ. ಅದಕ್ಕೆ ಎಕರೆ ಲೆಕ್ಕದಲ್ಲಿ ದುಡ್ಡು ಕೊಡಬೇಡಿ ಎನ್ನುತ್ತೇನೆ ಅಷ್ಟೆ.

ಇನ್ನೊಂದು, ಎಲ್ಲರೂ ಬಿಸಿಲಿನಲ್ಲಿ ನೋಡಿ ಎನ್ನುತ್ತಾರೆ. ಇಲ್ಲಿ ಮಾತ್ರ ಜುಲೈಯಲ್ಲಿ ಬನ್ನಿ. ಧರೆ ಎಲ್ಲಿ ಜಾರುತ್ತದೆ, ಅಂಗಳಕ್ಕೆ ಯಾವ ಕಡೆಯಿಂದ ನೀರು ನುಗ್ಗುತ್ತದೆ, ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ಎಲ್ಲ ಗೊತ್ತಾಗುತ್ತದೆ. ಅಡಿಕೆಗೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತುವವರು ಊರಿನಲ್ಲಿ ಯಾರಿದ್ದಾರೆ ಎಂದೂ ವಿಚಾರಿಸಿ. ಅವರಿಲ್ಲದೆ ತೋಟ ಕೊಂಡರೆ ಕೊಳೆರೋಗಕ್ಕೆ ಬೆಳೆ ಕೊಟ್ಟ ಹಾಗೆಯೇ.

ಹಾಸನದಿಂದ ಒಬ್ಬರು

ಮೊದಲು ಗುತ್ತಿಗೆಗೆ ಹಿಡಿದು ಮಾಡಿ ನೋಡಿ ಎಂದು ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ಸೈನಿಕರಂಥ ಕೆಲವರ ಜಮೀನು ಬಿಟ್ಟರೆ ಗೇಣಿಗೆ ಕೊಡುವುದನ್ನು ಕಾನೂನು ಒಪ್ಪುವುದಿಲ್ಲ, ಹಾಗಾಗಿ ನಡೆಯುವುದೆಲ್ಲ ಬಾಯಿಮಾತಿನಲ್ಲಿ. ಅದರ ಬದಲು ಆ ಊರಿನಲ್ಲೇ ಒಂದು ಮನೆ ಬಾಡಿಗೆಗೆ ಹಿಡಿಯಿರಿ. ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಜಮೀನು ಮಾರುತ್ತಿರುವುದು ಏಕೆ ಎಂಬುದು ಒಂದು ತಿಂಗಳಲ್ಲಿ ತಾನಾಗಿ ತಿಳಿಯುತ್ತದೆ.

ಕೇಳಿದವರು

ಎಲ್ಲರಿಗೂ ಧನ್ಯವಾದ. ದಾರಿಯ ಬಗ್ಗೆ ಕೇಳಿದೆವು. ‘ಎಲ್ಲರೂ ಓಡಾಡುತ್ತಾರೆ’ ಎಂಬ ಉತ್ತರ ಬಂತು. ಈ ವಾರವೇ ಮುಂಗಡ ಕೊಡದಿದ್ದರೆ ಬೇರೆಯವರಿಗೆ ಹೋಗುತ್ತದೆ ಎನ್ನುತ್ತಿದ್ದಾರೆ.

ಮಧುಗಿರಿ ಕಡೆಯ ರೈತರು

ಹೋಗಲಿ ಬಿಡಿ. ತೀರಾ ಮನಸ್ಸಿದ್ದರೆ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಂಡು, ಅಲ್ಪ ಮೊತ್ತ ಕೊಡಿ. 11ಇ ನಕ್ಷೆ ಮಾಡಿಸುವುದು, ದಾರಿಯ ಪತ್ರ ಕೊಡಿಸುವುದು, ಅಕ್ಕತಂಗಿಯರನ್ನು ಸಹಿಗೆ ಕರೆತರುವುದು ಮಾರುವವರ ಹೊಣೆ, ಆಗದಿದ್ದರೆ ಹಣ ವಾಪಸು ಎಂದು ಅದರಲ್ಲೇ ಬರೆಸಿ. ಹಣ ಬ್ಯಾಂಕಿನ ಮೂಲಕ, ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಹೋಗಲಿ, ಮಧ್ಯವರ್ತಿಯ ಕೈಗಲ್ಲ. ಬರುವ ಮುನ್ನ ಸರ್ವೆ ನಂಬರು ಕಳಿಸಿ, ಆ ಬದುವಿನವರನ್ನು ನಾನೇ ವಿಚಾರಿಸಿ ಹೇಳುತ್ತೇನೆ.