ಸ್ವಂತವಾಗಿ ಕಟ್ಟಿಸಿದ ಈಜುಕೊಳ: ನೀರು ದಿನಕ್ಕೆ ಒಂದಂಗುಲ ಇಳಿಯುತ್ತಿದೆ, ಸೋರಿಕೆ ಎಲ್ಲಿ?

ಹಿತ್ತಲಕೊಳ:
ಎಲ್ಲರಿಗೂ ನಮಸ್ಕಾರ. ಇಡೀ ಕೆಲಸವನ್ನು ಒಬ್ಬ ಗುತ್ತಿಗೆದಾರರಿಗೆ ಒಪ್ಪಿಸದೆ, ಅಗೆತ, ಕಂಬಿ, ಕಾಂಕ್ರೀಟು, ಪೈಪು, ಟೈಲ್ಸು ಒಂದೊಂದಕ್ಕೂ ಬೇರೆ ಬೇರೆಯವರನ್ನು ಗೊತ್ತು ಮಾಡಿ, ಎದುರಿಗೆ ನಾನೇ ನಿಂತು ಮನೆಯ ಹಿಂದೆ ಈಜುಕೊಳ ಕಟ್ಟಿಸಿದ್ದೇನೆ. ಉದ್ದ 8 ಮೀಟರ್, ಅಗಲ 4 ಮೀಟರ್; ಆಳ ಒಂದು ತುದಿಯಲ್ಲಿ 1.2 ಮೀಟರ್, ಇನ್ನೊಂದು ತುದಿಯಲ್ಲಿ 1.8 ಮೀಟರ್. ತುಂಬಿಸಿದ ದಿನದಿಂದಲೂ ನೀರು ಇಳಿಯುತ್ತಲೇ ಇದೆ. ದಿನಕ್ಕೆ ಹೆಚ್ಚುಕಡಿಮೆ ಒಂದಂಗುಲ, ಅಂದರೆ 25 ಮಿ.ಮೀ. ಲೆಕ್ಕ ಹಾಕಿದರೆ ದಿನವೊಂದಕ್ಕೆ 800 ಲೀಟರ್ ಎಲ್ಲಿಗೋ ಹೋಗುತ್ತಿದೆ. ಟೈಲ್ಸ್ ಹಾಕಿದವರು ಪ್ಲಂಬರ್ ಕಡೆ ಬೊಟ್ಟು ಮಾಡುತ್ತಾರೆ, ಪ್ಲಂಬರ್ ಕಾಂಕ್ರೀಟಿನವರ ಕಡೆ, ಕಾಂಕ್ರೀಟಿನವರು ಫೋನನ್ನೇ ಎತ್ತುವುದಿಲ್ಲ. ಕೊಳದ ಸುತ್ತ ಎಲ್ಲಿಯೂ ನೆಲ ಒದ್ದೆಯಾಗಿಲ್ಲ. ಸೋರಿಕೆ ಎಲ್ಲಿರಬಹುದೆಂದು ಬಲ್ಲವರು ತಿಳಿಸಿ. ಬಿಸಿಲಿಗೆ ಆವಿಯಾಗುತ್ತಿದೆ ಎಂದು ಮಾತ್ರ ದಯವಿಟ್ಟು ಹೇಳಬೇಡಿ. ಆ ಉತ್ತರ ಕೇಳಿ ಕೇಳಿ ಸಾಕಾಗಿದೆ.

ಗಾರೆಕರಣೆ:
ಇದರಲ್ಲಿ ಹುಡುಕುವುದಕ್ಕೇನೂ ಇಲ್ಲ, ವಾಟರ್‌ಪ್ರೂಫಿಂಗ್ ಕೈಕೊಟ್ಟಿದೆ. ಗೋಡೆ ಮತ್ತು ನೆಲ ಕೂಡುವ ಮೂಲೆಯಲ್ಲಿ ಗಾರೆಯಿಂದ ಗುಂಡಗೆ ತಿರುವು ಕೊಟ್ಟು, ಅದರ ಮೇಲೆ ಜಾಲರಿ ಬಟ್ಟೆ ಕೂರಿಸಿ, ಎರಡು ಕೋಟಿಂಗುಗಳನ್ನು ಒಂದಕ್ಕೊಂದು ಅಡ್ಡವಾಗಿ ಬಳಿಯಬೇಕು. ಆ ತಿರುವನ್ನು ಬಿಟ್ಟು ನೇರ ಮೂಲೆಗೆ ಬಳಿದರೆ ಪದರ ಅಲ್ಲಿಯೇ ಸೀಳುತ್ತದೆ. ಟೈಲ್ಸ್ ಹಾಕುವ ಮೊದಲು ಕೊಳ ತುಂಬಿಸಿ ಒಂದು ವಾರ ಬಿಟ್ಟು ನೋಡಿದ್ದಿರಾ? ಟೈಲ್ಸೂ ಅವುಗಳ ಸಂದು ತುಂಬುವ ಗ್ರೌಟೂ ನೀರನ್ನು ತಡೆಯುವ ಪದರಗಳಲ್ಲ, ಅವು ನೋಟಕ್ಕೆ ಮಾತ್ರ. ಕೊಳವನ್ನು ಪೂರ್ತಿ ಖಾಲಿ ಮಾಡಿ, ಮೂಲೆಯ ಒಂದು ಸಾಲು ಟೈಲ್ಸ್ ಎಬ್ಬಿಸಿ ನೋಡಿ.

ತೂಬುಗಾರ:
ಟೈಲ್ಸ್ ಎಬ್ಬಿಸುವ ಮಾತು ಆಮೇಲಿರಲಿ. ಹಿತ್ತಲಕೊಳ ಅವರೇ, 25 ಮಿ.ಮೀ. ಇಳಿಯುವುದು ಪಂಪು ಓಡುವಾಗಲೋ ನಿಂತಿರುವಾಗಲೋ ಎಂಬುದನ್ನು ನೀವು ಬರೆದಿಲ್ಲ. ಒಂದು ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ, ಕೊಳದ ಮೇಲಿನ ಮೆಟ್ಟಿಲಿನ ಮೇಲೆ ಅರ್ಧ ಮುಳುಗುವಂತೆ ಇಡಿ. ಒಳಗಿನ ಮಟ್ಟಕ್ಕೂ ಹೊರಗಿನ ಮಟ್ಟಕ್ಕೂ ಗುರುತು ಹಾಕಿ. ಬಿಸಿಲು, ಗಾಳಿ ಎರಡಕ್ಕೂ ಒಂದೇ ಆದ್ದರಿಂದ ಬಕೆಟ್ಟಿನಲ್ಲಿ ಇಳಿದದ್ದು ಆವಿ, ಅದಕ್ಕಿಂತ ಹೆಚ್ಚಾಗಿ ಕೊಳದಲ್ಲಿ ಇಳಿದದ್ದು ಸೋರಿಕೆ. ಪಂಪು ಓಡಿಸಿ 24 ಗಂಟೆ, ನಿಲ್ಲಿಸಿ 24 ಗಂಟೆ, ಹೀಗೆ ಎರಡು ಸಲ ಅಳೆಯಿರಿ. ಆ ದಿನಗಳಲ್ಲಿ ಯಾರೂ ಕೊಳಕ್ಕೆ ಇಳಿಯಬಾರದು.

ಹಿತ್ತಲಕೊಳ:
ನೀರು ಇಳಿಯುತ್ತಿರುವುದು ಕಣ್ಣಿಗೇ ಕಾಣುತ್ತಿರುವಾಗ ಬಕೆಟ್ ಇಟ್ಟು ಸಾಬೀತು ಮಾಡುವ ಅಗತ್ಯವೇನು? ಪಂಪು ಹಗಲೂ ರಾತ್ರಿ ಓಡುತ್ತದೆ. ಗಾರೆಕರಣೆ ಅವರು ಕೇಳಿದ ಮೂಲೆಯ ತಿರುವನ್ನು ಕೊಡಿಸಿದ್ದೇನೆ. ಬಳಿಯುವಾಗ ಪಕ್ಕದಲ್ಲಿಯೇ ನಿಂತಿದ್ದೆ.

ಕಂಬಿಗಂಟು:
ಗೋಡೆಯನ್ನೂ ನೆಲವನ್ನೂ ಒಟ್ಟಿಗೆ ಹಾಕಿದರೋ, ಬೇರೆ ಬೇರೆ ದಿನ ಹಾಕಿದರೋ? ಬೇರೆ ಬೇರೆಯಾದರೆ ಆ ಜೋಡಣೆಯಲ್ಲಿ ನೀರು ದಾಟದಂತೆ ಹುದುಗಿಸುವ ವಾಟರ್‌ಸ್ಟಾಪ್ ಪಟ್ಟಿ ಇಟ್ಟಿದ್ದಾರೆಯೇ?

ಹಿತ್ತಲಕೊಳ:
ನೆಲ ಮೊದಲು, ಗೋಡೆ ಆಮೇಲೆ. ಪಟ್ಟಿ ಇಟ್ಟಿದ್ದಾರೆ. ನೆಲ, ಗೋಡೆ ಎರಡೂ 200 ಮಿ.ಮೀ. ದಪ್ಪ.

ಗಾರೆಕರಣೆ:
ಕೇಳಿದಿರಾ, ಜೋಡಣೆ! ಪೈಪಿನಿಂದ ರಭಸವಾಗಿ ಹೊಡೆಯುವ ಶಾಟ್‌ಕ್ರೀಟ್ ಆಗಿದ್ದರೆ ನೆಲ, ಗೋಡೆ ಒಂದೇ ದೇಹವಾಗಿ ಬರುತ್ತಿತ್ತು. ಹಲಗೆ ಕಟ್ಟಿ ಸುರಿಯುವವರು ವೈಬ್ರೇಟರನ್ನು ಸರಿಯಾಗಿ ಆಡಿಸದಿದ್ದರೆ ಪಟ್ಟಿಯ ಕೆಳಗೆ ಜಲ್ಲಿ ಮಾತ್ರ ನಿಂತು, ಸಿಮೆಂಟು ಹಾಲು ಸೇರದೆ, ಜೇನುಗೂಡಿನಂಥ ಪೊಳ್ಳು ಉಳಿಯುತ್ತದೆ. ಖಾಲಿ ಮಾಡದೆ ಅದು ಕಾಣುವುದಿಲ್ಲ.

ಕಂಬಿಗಂಟು:
ಶಾಟ್‌ಕ್ರೀಟಿಗೆ ಪೊಳ್ಳು ಬರುವುದಿಲ್ಲವೆಂದು ಹೇಳಿದವರು ಯಾರು? ಕಂಬಿಯ ಹಿಂದೆ ನೆರಳು ಬಿದ್ದಂತೆ ಖಾಲಿ ಉಳಿಯುವುದು ಅದರಲ್ಲಿಯೇ ಹೆಚ್ಚು. ಪುಟಿದು ಬಿದ್ದ ಪುಡಿಯನ್ನು ಗುಡಿಸಿ ಹೊರಹಾಕದೆ ಅದರ ಮೇಲೆಯೇ ಹೊಡೆದ ಕೊಳಗಳ ಮೆಟ್ಟಿಲ ಬುಡವನ್ನು ಒಮ್ಮೆ ಒಡೆದು ನೋಡಿ. ವಿಧಾನಕ್ಕಿಂತ ಕೈ ಮುಖ್ಯ.

ಗಾರೆಕರಣೆ:
ಕೈ ಸರಿಯಿಲ್ಲವೆಂದೇ ನಾನೂ ಹೇಳುತ್ತಿರುವುದು.

ಅಡಿನೀರು:
ಯಾರ ಕೈ ಸರಿಯೋ ಆಮೇಲೆ ತೀರ್ಮಾನಿಸಿಕೊಳ್ಳಿ, ಕೊಳವನ್ನು ಖಾಲಿ ಮಾಡಿ ಎಂಬ ಸಲಹೆಯನ್ನು ಮಾತ್ರ ಇಲ್ಲಿಗೇ ನಿಲ್ಲಿಸಿ. ಈ ಅಳತೆಯ ಖಾಲಿ ತೊಟ್ಟಿ ನನ್ನ ಲೆಕ್ಕದಲ್ಲಿ ಸುಮಾರು 37 ಟನ್ ತೂಗುತ್ತದೆ. ಜೋರು ಮಳೆಯ ನಂತರ ಸುತ್ತಲಿನ ಮಣ್ಣಿನ ನೀರು ನೆಲಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿನವರೆಗೆ ಏರಿದೆ ಎಂದುಕೊಳ್ಳಿ. ತೊಟ್ಟಿಯ ತಳ ಸರಾಸರಿ 1.7 ಮೀಟರ್ ಆಳದಲ್ಲಿದೆ, ಅಂದರೆ 1.2 ಮೀಟರ್ ನೀರು ಕೆಳಗಿನಿಂದ ಒತ್ತುತ್ತದೆ. 37 ಚದರ ಮೀಟರ್ ತಳಕ್ಕೆ 44 ಟನ್ ಮೇಲ್ಮುಖ ಒತ್ತಡ. ತೊಟ್ಟಿ ದೋಣಿಯಂತೆ ಎದ್ದು ತೇಲುತ್ತದೆ, ಪೈಪುಗಳೆಲ್ಲ ಕಿತ್ತುಹೋಗುತ್ತವೆ. ತುಂಬಿದ ಕೊಳ ಸೋರಿದರೆ ನೀರು ಹೋಗುತ್ತದೆ, ಖಾಲಿ ಕೊಳ ತೇಲಿದರೆ ಕೊಳವೇ ಹೋಗುತ್ತದೆ. ತಳದ ಮೇನ್ ಡ್ರೈನಿನಲ್ಲಿ ಹೈಡ್ರೋಸ್ಟ್ಯಾಟಿಕ್ ವಾಲ್ವ್, ಅಂದರೆ ಅಡಿಯ ನೀರು ಒತ್ತಿದಾಗ ತೆರೆದು ಅದನ್ನು ಕೊಳದೊಳಗೆ ಬಿಟ್ಟುಕೊಳ್ಳುವ ವಾಲ್ವ್, ಇದೆಯೇ ಎಂಬುದನ್ನು ಮೊದಲು ತಿಳಿಸಿ.

ಗಾರೆಕರಣೆ:
ಆ ವಾಲ್ವಿನೊಳಗೆ ಒಂದು ಮರಳಿನ ಕಣ ಸಿಕ್ಕಿಕೊಂಡರೆ ಅದೇ ಸೋರುತ್ತದೆ. ನಾನು ಅದನ್ನು ಹಾಕಿಸುವುದೇ ಇಲ್ಲ.

ಅಡಿನೀರು:
ಒಣಭೂಮಿಯಲ್ಲಿ ಕಟ್ಟುವವರ ಧೈರ್ಯ ಅದು. ಸೋರುತ್ತದೆಂಬ ಮಾತು ಸರಿ. ಹಾಗೆಂದು ಬಿಟ್ಟುಬಿಡುವುದು ಸರಿಯಲ್ಲ.

ಹಿತ್ತಲಕೊಳ:
ವಾಲ್ವ್ ಇಲ್ಲ, ಆದ್ದರಿಂದ ಖಾಲಿ ಮಾಡುವುದಿಲ್ಲ. ಕೊನೆಗೂ ಬಕೆಟ್ ಇಟ್ಟು ನೋಡಿದೆ. ಬಕೆಟ್ಟಿನಲ್ಲಿ ಎರಡು ದಿನವೂ 6 ಮಿ.ಮೀ. ಇಳಿಯಿತು. ಕೊಳದಲ್ಲಿ ಪಂಪು ಓಡುವಾಗ 25, ನಿಂತಿರುವಾಗ 13. ಇದರಿಂದ ಏನು ತಿಳಿಯಿತು? ಸೋರುತ್ತಿದೆ ಎಂದು ನಾನು ಆಗಲೇ ಹೇಳಿದ್ದೆ.

ತೂಬುಗಾರ:
ಬಹಳ ತಿಳಿಯಿತು. ನಿಮ್ಮಲ್ಲಿರುವುದು ಎರಡು ಸೋರಿಕೆಗಳು. ಪಂಪು ನಿಂತಾಗ 13, ಅದರಲ್ಲಿ ಆವಿ 6 ಕಳೆದರೆ 7 ಮಿ.ಮೀ. ತೊಟ್ಟಿಯಿಂದಲೋ ಅದಕ್ಕೆ ಕೂಡಿದ ಭಾಗಗಳಿಂದಲೋ ಹೋಗುತ್ತಿದೆ. ಪಂಪು ಓಡಿದಾಗ ಮಾತ್ರ ಇನ್ನೂ 12 ಮಿ.ಮೀ. ಹೋಗುತ್ತದೆ, ಅದು ಪಂಪಿನ ನಂತರದ ಒತ್ತಡದ ಭಾಗದ್ದು, ಅದಕ್ಕೂ ಮೂಲೆಯ ಟೈಲ್ಸಿಗೂ ಸಂಬಂಧವಿಲ್ಲ. 12 ಮಿ.ಮೀ. ಎಂದರೆ ದಿನಕ್ಕೆ 384 ಲೀಟರ್, ನಿಮಿಷಕ್ಕೆ ಕಾಲು ಲೀಟರಿಗಿಂತ ತುಸು ಹೆಚ್ಚು. ನೀರನ್ನು ಕೊಳಕ್ಕೆ ಮರಳಿಸುವ ನೆಲದಡಿಯ ರಿಟರ್ನ್ ಪೈಪನ್ನು ಅಗೆಯುವ ಮೊದಲು, ಫಿಲ್ಟರಿನಲ್ಲಿ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವನ್ನು ನೋಡಿ. ಹಿಡಿಕೆ ‘ಫಿಲ್ಟರ್’ ಸ್ಥಾನದಲ್ಲಿದ್ದರೂ ಒಳಗಿನ ಚಕ್ರಾಕಾರದ ರಬ್ಬರ್ ಗ್ಯಾಸ್ಕೆಟ್ ತಿರುಚಿಕೊಂಡಿದ್ದರೆ ಅಷ್ಟು ನೀರು ಸದ್ದಿಲ್ಲದೆ ವೇಸ್ಟ್ ಪೈಪಿಗೆ ಹೋಗುತ್ತಿರುತ್ತದೆ. ಆ ಪೈಪಿನ ಬಾಯಿ ಎಲ್ಲಿದೆ?

ಹಿತ್ತಲಕೊಳ:
ವೇಸ್ಟ್ ಪೈಪಿಗೆ ಬಾಯಿಯೇ ಇಲ್ಲ. ಪಂಪಿನ ಕೋಣೆಯಿಂದ ನೆಲದಡಿಯಲ್ಲಿಯೇ ಇಂಗುಗುಂಡಿಗೆ ಸೇರಿಸಲಾಗಿದೆ.

ತೂಬುಗಾರ:
ಸುತ್ತಲಿನ ನೆಲ ಏಕೆ ಒದ್ದೆಯಾಗಿಲ್ಲವೆಂಬುದಕ್ಕೆ ಉತ್ತರ ಸಿಕ್ಕಿತು. ವಾಲ್ವಿನ ಪಕ್ಕದಲ್ಲಿಯೇ ವೇಸ್ಟ್ ಪೈಪನ್ನು ಕತ್ತರಿಸಿ, ನಡುವೆ ಬಿಚ್ಚಬಹುದಾದ ಯೂನಿಯನ್ ಒಂದನ್ನು ಹಾಕಿಸಿ. ಪಂಪು ಓಡುವಾಗ ಅದನ್ನು ಬಿಚ್ಚಿ ಕೆಳಗೆ ಲೋಟ ಹಿಡಿಯಿರಿ.

ಗಾಜುಮರಳು:
ಗ್ಯಾಸ್ಕೆಟ್ ಬದಲಿಸುವಾಗ ಫಿಲ್ಟರಿನ ಮರಳನ್ನೂ ತೆಗೆದು ಗಾಜಿನ ಹರಳನ್ನು ತುಂಬಿಸಿಬಿಡಿ. ನನ್ನ ಕೊಳದಲ್ಲಿ ಗಾಜಿನ ಹರಳು, ವೇಗ ಬದಲಿಸಬಹುದಾದ ಪಂಪು, ಉಪ್ಪಿನಿಂದ ಕ್ಲೋರಿನ್ ತಯಾರಿಸುವ ಘಟಕ ಎಲ್ಲವೂ ಇವೆ. ಪಂಪಿನ ವೇಗವನ್ನು ಅರ್ಧಕ್ಕಿಳಿಸಿದರೆ ವಿದ್ಯುತ್ತು ಎಂಟನೆಯ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ. ರಾತ್ರಿ ಪಂಪಿನ ಕೋಣೆಗೆ ಹೋದರೆ ಓಡುತ್ತಿದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಬೇಕು, ಅಷ್ಟು ನಿಶ್ಶಬ್ದ.

ತೂಬುಗಾರ:
ಸಂತೋಷ. ಅವರ ನೀರು ನಿಂತ ಮೇಲೆ ಶೋಧಿಸುವುದನ್ನು ಮಾತಾಡೋಣ.

ಹಿತ್ತಲಕೊಳ:
ಯೂನಿಯನ್ ಬಿಚ್ಚಿದಾಗ ಪೆನ್ಸಿಲಿಗಿಂತ ತೆಳುವಾದ ಧಾರೆಯೊಂದು ಬಿಡದೆ ಬೀಳುತ್ತಿತ್ತು. ವಾಲ್ವಿನ ಮುಚ್ಚಳ ತೆಗೆದರೆ ಗ್ಯಾಸ್ಕೆಟ್ಟಿನ ಒಂದು ಕಡ್ಡಿ ತಾನು ಕೂರುವ ತೋಡಿನಿಂದ ಎದ್ದು ಮಡಿಸಿಕೊಂಡಿತ್ತು, ಅದರ ಮೇಲೆ ಹಿಡಿಕೆಯೊಂದಿಗೆ ಒಳಗೆ ತಿರುಗುವ ಬಿಲ್ಲೆಯ ಗುರುತು ಅಚ್ಚಾಗಿ ಬಿದ್ದಿತ್ತು. ಹೊಸದು ಹಾಕಿಸಿದ ನಂತರ ಪಂಪು ಓಡಿದರೂ 13, ನಿಂತರೂ 13. ಅಂದಹಾಗೆ, ಅಳವಡಿಸಿದವರು ಪಂಪು ಓಡುತ್ತಿರುವಾಗಲೇ ಆ ಹಿಡಿಕೆಯನ್ನು ತಿರುಗಿಸಿ ನನಗೆ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಫಿಲ್ಟರನ್ನು ತೊಳೆಯುವುದನ್ನು, ತೋರಿಸಿಕೊಟ್ಟಿದ್ದರು.

ತೂಬುಗಾರ:
ಹಾಗಾದರೆ ಗ್ಯಾಸ್ಕೆಟ್ ಹಾಳಾದದ್ದು ಆಗಲೇ. ಪಂಪು ನಿಲ್ಲಿಸಿ, ಒತ್ತಡದ ಮುಳ್ಳು ಸೊನ್ನೆಗೆ ಬಂದ ಮೇಲೆಯೇ ಹಿಡಿಕೆಯನ್ನು ಒತ್ತಿ ತಿರುಗಿಸಬೇಕು. ಎರಡೂ ಅಳತೆಗಳು ಒಂದೇ ಆದದ್ದರಿಂದ ರಿಟರ್ನ್ ಪೈಪುಗಳು ಗಟ್ಟಿಯಾಗಿವೆ, ಅಗೆಯುವುದು ತಪ್ಪಿತು. ಉಳಿದ 7 ಮಿ.ಮೀ. ಸೋರಿಕೆಗೆ ಪಂಪನ್ನು ನಿಲ್ಲಿಸಿ, ನೀರನ್ನು ಹಾಕದೆ, ಮಟ್ಟ ತಾನಾಗಿ ಎಲ್ಲಿ ನಿಲ್ಲುತ್ತದೆಂದು ಕಾಯಿರಿ. ಆವಿ ಹೇಗೂ ನಿಲ್ಲುವುದಿಲ್ಲ. ಕೊಳದ ಇಳಿತವೂ ಬಕೆಟ್ಟಿನ ಇಳಿತವೂ ಸಮವಾದ ದಿನ ಸೋರಿಕೆ ನಿಂತಿದೆ ಎಂದರ್ಥ. ಅಲ್ಲಿಯವರೆಗೆ ಕ್ಲೋರಿನ್ನನ್ನು ಕೈಯಿಂದ ಹಾಕಿ ಬ್ರಷ್ಷಿನಿಂದ ಕದಡುತ್ತಿರಿ, ಇಲ್ಲವಾದರೆ ಪಾಚಿ ಕಟ್ಟುತ್ತದೆ.

ಹಿತ್ತಲಕೊಳ:
ಮಾಮೂಲಿ ಮಟ್ಟಕ್ಕಿಂತ 230 ಮಿ.ಮೀ. ಕೆಳಗೆ ಇಳಿದ ಮೇಲೆ ಬಕೆಟ್ಟಿಗೂ ಕೊಳಕ್ಕೂ ವ್ಯತ್ಯಾಸವಿಲ್ಲ. ಮೇಲೆ ತೇಲುವ ಕಸವನ್ನು ಸೆಳೆಯುವ ಸ್ಕಿಮ್ಮರಿನ ಬಾಯಿ ಅದಕ್ಕಿಂತ ಸಾಕಷ್ಟು ಮೇಲಿದೆ, ರಿಟರ್ನ್ ಬಾಯಿಗಳು ಕೆಳಗಿವೆ. ಆ ಮಟ್ಟದಲ್ಲಿ ನಾಲ್ಕೂ ಗೋಡೆಗಳ ಮೇಲೆ ಟೈಲ್ಸ್ ಬಿಟ್ಟರೆ ಏನೂ ಇಲ್ಲ. ಗ್ರೌಟಿನ ಗೆರೆಯನ್ನು ಬೆರಳಿನಿಂದ ಸವರುತ್ತ ಒಂದು ಸುತ್ತು ಬಂದೆ; ಒಂದು ಕೂದಲೆಳೆಯ ಬಿರುಕೂ ಸಿಗಲಿಲ್ಲ.

ಗಾರೆಕರಣೆ:
ಏನೂ ಇಲ್ಲದ ಕಡೆ ನೀರು ನಿಂತಿದೆ ಎಂದರೆ ಟೈಲ್ಸಿನ ಹಿಂದೆ ಬಿರುಕಿದೆ ಎಂದೇ ಅರ್ಥ. ನಾನು ಮೊದಲಿನಿಂದ ಹೇಳುತ್ತ ಬಂದಿದ್ದೇನೆ. ಈಗ ನೀರು ಅದರ ಕೆಳಗಿದೆ, ಖಾಲಿ ಮಾಡುವ ಪ್ರಶ್ನೆಯೂ ಇಲ್ಲ. ಆ ಸಾಲನ್ನು ಎಬ್ಬಿಸಿ.

ಕಂಬಿಗಂಟು:
ಮೊದಲಿನಿಂದ ನೀವು ಹೇಳಿದ್ದು ತಳದ ಮೂಲೆಯ ಬಗ್ಗೆ. ಅಲ್ಲಿ ಸೋರಿದ್ದರೆ ಮಟ್ಟ ಇಲ್ಲಿ ನಿಲ್ಲುತ್ತಿರಲಿಲ್ಲ.

ಅಡಿನೀರು:
ಕೊಳದೊಳಗೆ ದೀಪವಿದೆಯೇ?

ಹಿತ್ತಲಕೊಳ:
ಇದೆ, ದೀಪವಿಲ್ಲದ ಕೊಳವನ್ನು ಯಾರು ಕಟ್ಟಿಸುತ್ತಾರೆ? ಆದರೆ ಅದು ಮಾಮೂಲಿ ಮಟ್ಟಕ್ಕಿಂತ ಅರ್ಧ ಮೀಟರ್ ಕೆಳಗಿದೆ. ನೀರು ನಿಂತಿರುವುದು ಅದಕ್ಕಿಂತ 270 ಮಿ.ಮೀ. ಮೇಲೆ, ಆದ್ದರಿಂದ ದೀಪದ ಲೆಕ್ಕ ಬಿಡಬಹುದು.

ಅಡಿನೀರು:
ಬಿಡಬಾರದು. ದೀಪದ ಗೂಡಿನೊಳಗೆ ನೀರು ಇರುವುದು ಸಹಜ, ಅದನ್ನು ಹಾಗೆಯೇ ಮಾಡಿರುತ್ತಾರೆ. ಗೂಡಿನ ಹಿಂದಿನಿಂದ ಕೇಬಲ್ಲಿನ ಕಂಡ್ಯೂಟ್ ಪೈಪು ಗೋಡೆಯ ಹಿಂದೆ ಮೇಲೇರಿ, ನೀರಿನ ಮಟ್ಟಕ್ಕಿಂತ ಮೇಲಿರುವ ಜಂಕ್ಷನ್ ಬಾಕ್ಸ್ ಸೇರುತ್ತದೆ. ಕೊಳದಲ್ಲಿ ನೀರು ಎಷ್ಟು ಎತ್ತರವಿದೆಯೋ ಆ ಪೈಪಿನೊಳಗೂ ಅಷ್ಟೇ ಎತ್ತರ ನಿಂತಿರುತ್ತದೆ. ವಿದ್ಯುತ್ತಿನ ಪೈಪೆಂದು ಅದರ ಜೋಡಣೆಗಳಿಗೆ ಎಷ್ಟೋ ಸಲ ಅಂಟು ಹಾಕಿರುವುದಿಲ್ಲ, ಹಾಗೆಯೇ ತುರುಕಿರುತ್ತಾರೆ. ಗೂಡಿಗಿಂತ 270 ಮಿ.ಮೀ. ಮೇಲೆ ಅಂಥದೊಂದು ಜೋಡಣೆಯಿದ್ದರೆ ನೀರು ಅಲ್ಲಿಂದ ಮಣ್ಣಿಗೆ ಹೋಗುತ್ತದೆ, ಕೊಳದ ಮಟ್ಟ ಸರಿಯಾಗಿ ಅದರ ನೇರಕ್ಕೆ ಬಂದು ನಿಲ್ಲುತ್ತದೆ. ಗೋಡೆಯ ಮೇಲೆ ಹುಡುಕಿದರೆ ಅಲ್ಲಿ ಏನೂ ಕಾಣುವುದಿಲ್ಲ.

ಕೊಳವನ್ನು ಮತ್ತೆ ಮಾಮೂಲಿ ಮಟ್ಟಕ್ಕೆ ತುಂಬಿಸಿ, ನೀರು ಅಲುಗಾಡದೆ ನಿಂತ ಮೇಲೆ ಸಿರಿಂಜಿನಿಂದ ಗಾಢ ಬಣ್ಣದ ನೀರನ್ನು ಕಂಡ್ಯೂಟಿನ ಬಾಯಿಯ ಹತ್ತಿರ ಮೆಲ್ಲಗೆ ಬಿಡಿ. ಅದಕ್ಕೂ ಮುಂಚೆ ದೀಪದ ಮೇನ್ ಸ್ವಿಚ್ಚನ್ನು ತೆಗೆದು, ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ. ದೀಪ 12 ವೋಲ್ಟಿನದೋ ಅಲ್ಲವೋ, ವಿದ್ಯುತ್ತು ಸೋರಿದರೆ ತಾನಾಗಿ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಇದೆಯೋ ಇಲ್ಲವೋ ಎಂಬುದನ್ನು ಎಲೆಕ್ಟ್ರಿಷಿಯನ್ನರಿಂದ ಖಚಿತಪಡಿಸಿಕೊಳ್ಳದೆ ಆ ಗೂಡಿಗೆ ಕೈ ಹಾಕಲೇಬೇಡಿ.

ಹಿತ್ತಲಕೊಳ:
ದೀಪ 12 ವೋಲ್ಟಿನದೇ, ಆರ್‌ಸಿಸಿಬಿ ಇದೆ. ಎಲೆಕ್ಟ್ರಿಷಿಯನ್ ಬಂದು ವಿದ್ಯುತ್ತನ್ನು ಕಡಿದ ಮೇಲೆ ದೀಪವನ್ನು ಹೊರಗೆಳೆದು ಬಣ್ಣ ಬಿಟ್ಟೆವು. ಸ್ಕಿಮ್ಮರಿನ ಬಳಿ ಬಿಟ್ಟ ಬಣ್ಣ ಅಲ್ಲಿಯೇ ಹೊಗೆಯಂತೆ ನಿಂತಿತು. ಗೂಡಿನಲ್ಲಿ ಬಿಟ್ಟದ್ದು ದಾರದಂತೆ ಎಳೆಯಾಗಿ ಕಂಡ್ಯೂಟಿನೊಳಗೆ ಹೋಯಿತು. ಈಗ ಆ ಬಾಯಿಯನ್ನು ನೀರಿನಡಿಯಲ್ಲಿಯೇ ಗಟ್ಟಿಯಾಗುವ ಎಪಾಕ್ಸಿಯಿಂದ ಮುಚ್ಚಿಸಿಬಿಡಲೇ?

ಅಡಿನೀರು:
ಎಪಾಕ್ಸಿ ಬೇಡ. ಮುಂದೊಂದು ದಿನ ದೀಪ ಕೆಟ್ಟರೆ ಕೇಬಲ್ಲನ್ನು ಎಳೆಯಲಾಗುವುದಿಲ್ಲ. ಕೇಬಲ್ಲಿನ ಸುತ್ತ ಕೂರುವ ರಬ್ಬರ್ ಬಿರಡೆ ಸಿಗುತ್ತದೆ, ಅದನ್ನು ಹಾಕಿಸಿ.

ಕಂಬಿಗಂಟು:
ಬಿರಡೆ ಕ್ಲೋರಿನ್ನಿಗೆ ಗಡುಸಾಗಿ ಮತ್ತೆ ಸೋರುತ್ತದೆ. ಎಪಾಕ್ಸಿ ಪುಟ್ಟಿಯೇ ಲೇಸು. ಅಗತ್ಯ ಬಿದ್ದಾಗ ಉಳಿಯಿಂದ ಕೆತ್ತಿ ತೆಗೆದರಾಯಿತು.

ಹಿತ್ತಲಕೊಳ:
ಬಿರಡೆ ಹಾಕಿಸಿದೆ. ಪಂಪು ಓಡುವಾಗಲೂ ನಿಂತಾಗಲೂ ಕೊಳದಲ್ಲಿ 6, ಬಕೆಟ್ಟಿನಲ್ಲಿ 6. ಎಲ್ಲರಿಗೂ ಧನ್ಯವಾದಗಳು. ಟೈಲ್ಸ್ ಹಾಕಿದವರಿಗೆ ಈ ಚರ್ಚೆಯನ್ನು ಕಳುಹಿಸಿದ್ದೇನೆ.

ಗಾರೆಕರಣೆ:
ಕಂಡ್ಯೂಟಿನಿಂದ ಇಷ್ಟು ದಿನ ಗೋಡೆಯ ಹಿಂದಿನ ಮಣ್ಣಿಗೆ ನೀರು ಹೋಗಿದೆಯಲ್ಲ, ಆ ಭರ್ತಿ ಮಣ್ಣು ಕುಸಿದರೆ ದಡದ ಕಲ್ಲುಹಾಸು ಕೂರುತ್ತದೆ, ಜೊತೆಗೆ ವಾಟರ್‌ಪ್ರೂಫಿಂಗೂ ಸೀಳುತ್ತದೆ. ಗಮನವಿರಲಿ.

ಹೊಸಪಂಪು:
ನನ್ನ ಕೊಳದ್ದೂ ಇದೇ ಕತೆ, ಆದರೆ ಪಂಪು ನಿಂತಾಗಲೇ ಹೆಚ್ಚು ಇಳಿಯುತ್ತದೆ. ನಾನೂ ಗ್ಯಾಸ್ಕೆಟ್ ಬದಲಿಸಬೇಕೇ?

ತೂಬುಗಾರ:
ಇದೇ ಕತೆಯಲ್ಲ, ಇದಕ್ಕೆ ತಿರುಗುಮುರುಗು. ಪಂಪು ಓಡುವಾಗ, ಕೊಳದಿಂದ ಪಂಪಿಗೆ ನೀರನ್ನು ಎಳೆಯುವ ಪೈಪಿನ ಬಿರುಕು ನೀರನ್ನು ಬಿಡುವ ಬದಲು ಗಾಳಿಯನ್ನು ಒಳಗೆ ಸೇದುತ್ತದೆ, ನಿಂತ ಮೇಲೆ ಅಲ್ಲಿಂದಲೇ ನೀರು ಹೊರಹೋಗುತ್ತದೆ. ರಿಟರ್ನ್ ಬಾಯಿಯಲ್ಲಿ ಗುಳ್ಳೆಗಳು ಬರುತ್ತಿವೆಯೇ, ಪಂಪಿನ ಬುಟ್ಟಿಯ ಪಾರದರ್ಶಕ ಮುಚ್ಚಳದ ಕೆಳಗೆ ಗಾಳಿ ನಿಂತಿದೆಯೇ ನೋಡಿ, ಬಕೆಟ್ಟಿನದು, ಕೊಳದಲ್ಲಿ ಪಂಪು ಓಡುವಾಗಿನದು, ನಿಂತಾಗಿನದು ಈ ಮೂರೂ ಅಳತೆಗಳೊಂದಿಗೆ ಬೇರೆ ಚರ್ಚೆಯನ್ನು ಆರಂಭಿಸಿ. ಕೊಳದಲ್ಲಿ ದೀಪವಿದೆಯೋ ಇಲ್ಲವೋ, ವೇಸ್ಟ್ ಪೈಪು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲ ಸಾಲಿನಲ್ಲಿಯೇ ಬರೆಯಿರಿ.