100 ಲೀಟರ್ ಅಕ್ವೇರಿಯಂಗೆ ಯಾವ ಫಿಲ್ಟರ್ ಸೂಕ್ತ?

ಪ್ರಶ್ನೆ:
ಮನೆಯಲ್ಲಿ 100 ಲೀಟರ್ ಸಾಮರ್ಥ್ಯದ ಸಿಹಿನೀರಿನ ಅಕ್ವೇರಿಯಂ ಇಡಲು ಸಿದ್ಧತೆ ನಡೆಸಿದ್ದೇನೆ. ಹತ್ತು ಹನ್ನೆರಡು ಟೆಟ್ರಾ ಮೀನುಗಳೂ ಕೆಲವು ಜಲಸಸ್ಯಗಳೂ ಇರಲಿವೆ. ಸ್ಪಂಜ್ ಫಿಲ್ಟರ್ ಸಾಕೇ ಅಥವಾ ಕ್ಯಾನಿಸ್ಟರ್ (ತೊಟ್ಟಿಯ ಹೊರಗಿಡುವ, ಡಬ್ಬಿಯಂಥ ಫಿಲ್ಟರ್) ಬೇಕೇ? ಫಿಲ್ಟರ್ ಅಳವಡಿಸಿದ ಎಷ್ಟು ದಿನಗಳ ನಂತರ ಮೀನುಗಳನ್ನು ಬಿಡಬಹುದು?

ಉತ್ತರ 1:
ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಬಾರಿ ಫಿಲ್ಟರ್ ಮೂಲಕ ಹಾದುಹೋಗಬೇಕೆಂಬುದು ರೂಢಿಯಲ್ಲಿರುವ ಲೆಕ್ಕ; ಅದರಂತೆ ನಿಮಗೆ ಗಂಟೆಗೆ 400ರಿಂದ 500 ಲೀಟರ್ ಹರಿವು ಬೇಕು. ಒಳಗೆ ಮೀಡಿಯಾ (ನೀರು ಸೋಸುವ ಸ್ಪಂಜ್, ಸೆರಾಮಿಕ್ ಉಂಗುರಗಳಂಥ ವಸ್ತು) ತುಂಬಿ, ಅದರಲ್ಲಿ ಕೊಳೆ ಸೇರುತ್ತಾ ಹೋದಂತೆ ಹರಿವು ತಗ್ಗುವುದರಿಂದ ಸ್ವಲ್ಪ ಹೆಚ್ಚಿನ ಸಾಮರ್ಥ್ಯದ್ದನ್ನೇ ಆರಿಸಿಕೊಳ್ಳಿ. ಗಾಜಿನ ಅಂಚಿಗೆ ನೇತುಹಾಕುವ ಫಿಲ್ಟರ್ ನಿಮಗೆ ಸಾಕೆಂಬುದು ನನ್ನ ಅಭಿಪ್ರಾಯ. ಕ್ಯಾನಿಸ್ಟರ್‌ನಲ್ಲಿ ಮೀಡಿಯಾಗೆ ಜಾಗ ಹೆಚ್ಚು, ನಿಜ. ಬಿಚ್ಚಿ ತೊಳೆಯುವ ಶ್ರಮವೂ ಹೆಚ್ಚು.

ಉತ್ತರ 2:
ಹರಿವಿಗಿಂತಲೂ ಬ್ಯಾಕ್ಟೀರಿಯಾ ಮುಖ್ಯ. ಮೀನಿನ ತ್ಯಾಜ್ಯದಿಂದ ಉಂಟಾಗುವ ಅಮೋನಿಯಾವನ್ನು ಒಂದು ಬಗೆಯ ಸೂಕ್ಷ್ಮಜೀವಿಗಳು ನೈಟ್ರೈಟ್ ಆಗಿಯೂ, ಅದನ್ನು ಮತ್ತೊಂದು ಬಗೆಯವು ಅಷ್ಟು ವಿಷಕಾರಿಯಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ಸ್ಪಂಜ್ ಹಾಗೂ ಸೆರಾಮಿಕ್ ಉಂಗುರಗಳ ಮೇಲೆ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಬರಿದೇ ಫಿಲ್ಟರ್ ಓಡಿಸಿದರೆ ಸಾಲದು, ಅವುಗಳಿಗೆ ಆಹಾರವಾಗಿ ಅಮೋನಿಯಾದ ಮೂಲವನ್ನೂ ಒದಗಿಸಬೇಕು. ಹೀಗೆ ಒದಗಿಸುತ್ತಿದ್ದರೂ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೀನು ಬಿಡಿ, ಅದೂ ಒಮ್ಮೆಗೆ ಕೆಲವನ್ನು ಮಾತ್ರ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ರಾತ್ರಿ ಹೊತ್ತು ಫಿಲ್ಟರ್ ನಿಲ್ಲಿಸಬಹುದೇ?

ಉತ್ತರ 3:
ಬೇಡ. ನೀರಿನ ಹರಿವು ನಿಂತರೆ ಆ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ದೊರೆಯುವುದಿಲ್ಲ. ಇನ್ನೊಂದು ಮಾತು: ನಾನೊಮ್ಮೆ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿನೀರಿನಲ್ಲಿ ಉಜ್ಜಿ ತೊಳೆದಾಗ ಆ ಬ್ಯಾಕ್ಟೀರಿಯಾಗಳು ಸತ್ತು, ವಾರದೊಳಗೆ ಆರು ಮೀನುಗಳನ್ನು ಕಳೆದುಕೊಂಡೆ. ತೊಟ್ಟಿಯಿಂದ ಹೊರತೆಗೆದ ನೀರಿನಲ್ಲೇ ಅದ್ದಿ ಹಿಂಡಿದರೆ ಸಾಕು.